ಅಡ್ಜಸ್ಟ್ ಮಾಡಿಕೊಂಡದ್ದು ಸಾಕು, ಇನ್ನು ಬಾಯಿಬಿಟ್ಟು ಹೇಳೋಣ



ಈ ಸಂಚಿಕೆಗೆ ಬರೆಯಬೇಕೆಂದುಕೊಂಡಿದ್ದ ವಿಷಯವೇ ಬೇರೆ. ಅದನ್ನು ಮುಂದಿನ ಸಲಕ್ಕೆ ಇಟ್ಟು, ನಾವೆಲ್ಲ ದಿನವೂ ಅನುಭವಿಸುವ, ಆದರೆ ನಮ್ಮ ಕೂಟಗಳಲ್ಲಿ ಯಾರೂ ಎತ್ತದ ಒಂದು ವಿಷಯವನ್ನು ಇಲ್ಲಿ ಎತ್ತಿಕೊಂಡಿದ್ದೇನೆ. ಅದಕ್ಕೊಂದು ಕಾರಣವಿದೆ.

ನಮ್ಮ ಊರಿನ ಕನ್ನಡ ಕೂಟದ ಗೆಳೆಯರೊಬ್ಬರ ಕತೆ ಇದು. ಹೆಸರು ಬೇಡ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹನ್ನೊಂದು ವರ್ಷದಿಂದ ಅಮೆರಿಕದಲ್ಲಿ ಎಚ್-1ಬಿ ವೀಸಾದ ಮೇಲೆ ಸಾಫ್ಟ್‌ವೇರ್ ಕೆಲಸ. ಒಂದು ಬುಧವಾರ ಬೆಳಿಗ್ಗೆ ಹದಿನೈದು ನಿಮಿಷದ ವಿಡಿಯೋ ಕರೆಯಲ್ಲಿ ಆ ಕೆಲಸ ಹೋಯಿತು. ಆಗ ಮನೆಯಲ್ಲಿ ಅತ್ತೆ-ಮಾವ ಊರಿಂದ ಬಂದಿದ್ದರು. ಹೇಗೆ ಹೇಳುವುದು? ಮರುದಿನ ಎಂದಿನಂತೆ ಎಂಟು ಗಂಟೆಗೆ ಸ್ನಾನ ಮುಗಿಸಿ, ಲ್ಯಾಪ್‌ಟಾಪ್ ಚೀಲ ಹೆಗಲಿಗೇರಿಸಿ, ಊಟದ ಡಬ್ಬಿ ಹಿಡಿದು ಹೊರಟರು. ಹೋದದ್ದು ಊರಿನ ಗ್ರಂಥಾಲಯದ ಪಾರ್ಕಿಂಗ್ ಜಾಗಕ್ಕೆ. ಅಲ್ಲೇ ಕೂತು ಕೆಲಸಕ್ಕೆ ಅರ್ಜಿ ಹಾಕುವುದು, ತಣ್ಣಗಾದ ಚಿತ್ರಾನ್ನ ತಿನ್ನುವುದು, ಸಂಜೆ ಆರಕ್ಕೆ ಮನೆಗೆ ಮರಳುವುದು. "ಆಫೀಸು ಹೇಗಿತ್ತು?" ಎಂದು ಹೆಂಡತಿ ಕೇಳಿದರೆ "ಸ್ವಲ್ಪ ಟೆನ್ಷನ್ನು, ಅಷ್ಟೆ" ಎಂಬ ಉತ್ತರ. ಹೀಗೆ 43 ದಿನ!

43ನೆಯ ರಾತ್ರಿ ಎದೆನೋವು ಬಂತು. ಹೆಂಡತಿಯೇ ಕಾರು ಓಡಿಸಿಕೊಂಡು ಆಸ್ಪತ್ರೆಗೆ ಕರೆದೊಯ್ದರು. ಇಸಿಜಿ ಸರಿಯಿತ್ತು, ರಕ್ತಪರೀಕ್ಷೆಯೂ ಸರಿಯಿತ್ತು. ಡ್ಯೂಟಿಯಲ್ಲಿದ್ದ ವೈದ್ಯೆ "ಈಚೆಗೆ ನಿಮ್ಮ ಕೆಲಸದಲ್ಲಿ ಏನಾದರೂ ಬದಲಾವಣೆ?" ಎಂದು ಕೇಳಿದ್ದೇ ತಡ, ಈ ನಲವತ್ತೊಂದು ವರ್ಷದ ಗಂಡಸು ಬಿಕ್ಕಿಬಿಕ್ಕಿ ಅತ್ತುಬಿಟ್ಟರು. ಅಂದು ವಿಷಯ ಹೊರಬಂತು.

ಆ 43 ದಿನಗಳಲ್ಲಿ ಅವರು ನಮ್ಮ ಕೂಟದ ಎರಡು ಕಾರ್ಯಕ್ರಮಗಳಿಗೆ ಬಂದಿದ್ದರು. ಒಂದರಲ್ಲಿ ಬಿಸಿಬೇಳೆಬಾತ್ ಬಡಿಸಿದ್ದರು. ನಾನೇ ಅವರ ಪಕ್ಕದಲ್ಲಿ ನಿಂತು ಹಪ್ಪಳ ಹಂಚಿದ್ದೆ. ನನಗೆ ಒಂದಿಷ್ಟೂ ಗೊತ್ತಾಗಲಿಲ್ಲ. ಗೊತ್ತುಮಾಡಿಕೊಳ್ಳುವ ಪ್ರಯತ್ನವನ್ನೂ ನಾನು ಮಾಡಲಿಲ್ಲ. ಅದೇ ನನ್ನನ್ನು ಕಾಡುತ್ತಿರುವುದು.

ನಮ್ಮಲ್ಲಿ ಯಾರನ್ನು ಕೇಳಿದರೂ "ಟೆನ್ಷನ್" ಎಂಬ ಒಂದೇ ಪದ. ಮಗುವಿಗೆ ಜ್ವರ ಬಂದರೂ ಟೆನ್ಷನ್, ವೀಸಾ ಮುಗಿಯುತ್ತಿದ್ದರೂ ಟೆನ್ಷನ್, ಇಡ್ಲಿ ಹಿಟ್ಟು ಉಬ್ಬದಿದ್ದರೂ ಟೆನ್ಷನ್! ಎಲ್ಲಕ್ಕೂ ಒಂದೇ ಪದ ಬಳಸಿದಾಗ ಅದು ಏನನ್ನೂ ಹೇಳುವುದಿಲ್ಲ. ಮುಚ್ಚಿಡಲು ಅನುಕೂಲ, ಅಷ್ಟೆ. ಕನ್ನಡದ "ಒತ್ತಡ" ಇದಕ್ಕಿಂತ ಪ್ರಾಮಾಣಿಕವಾದ ಪದ. ಅದು "ಒತ್ತು" ಎಂಬ ಕ್ರಿಯಾಪದದಿಂದ ಬಂದದ್ದು. ಒತ್ತಡ ಎಂದ ಕೂಡಲೇ ಎರಡು ಪ್ರಶ್ನೆ ಏಳುತ್ತವೆ: ಒತ್ತುತ್ತಿರುವುದು ಏನು? ಒತ್ತಿಸಿಕೊಳ್ಳುತ್ತಿರುವುದು ಯಾವುದು?

ನಮ್ಮಲ್ಲಿ ಬಹಳ ಮಂದಿ ಎಂಜಿನಿಯರುಗಳು. ಕಾಲೇಜಿನಲ್ಲಿ ಸ್ಟ್ರೆಸ್, ಸ್ಟ್ರೇನ್ ಎಂದು ಎರಡು ಬೇರೆಬೇರೆ ಮಾತು ಓದಿದ್ದೇವೆ. ಕಂಬಿಯ ಮೇಲೆ ಬೀಳುವ ಬಲದ ಅಳತೆ ಒಂದು, ಅದರಿಂದ ಕಂಬಿ ಎಷ್ಟು ಹಿಗ್ಗಿತು ಎಂಬುದು ಇನ್ನೊಂದು. ಒಂದು ಮಿತಿಯೊಳಗೆ ಬಲ ತೆಗೆದರೆ ಕಂಬಿ ಮೊದಲಿನಂತಾಗುತ್ತದೆ. ಮಿತಿ ದಾಟಿದರೆ ಬಾಗಿದ್ದು ಬಾಗಿಯೇ ಉಳಿಯುತ್ತದೆ. ಇನ್ನೂ ಒಂದು ಪಾಠವಿತ್ತು, ನೆನಪಿದೆಯೇ? ಮಿತಿಯೊಳಗಿನ ಸಣ್ಣ ಬಲವೇ ಆದರೂ ಲಕ್ಷಾಂತರ ಸಲ ಮರುಕಳಿಸಿದರೆ ಉಕ್ಕೂ ಮುರಿಯುತ್ತದೆ. ಅದಕ್ಕೆ ಫಟೀಗ್ ಎನ್ನುತ್ತಾರೆ. ಸೇತುವೆಗೆ ಅನ್ವಯಿಸುವ ಈ ಮಾತನ್ನು ನಾವು ನಮ್ಮ ದೇಹಕ್ಕೆ ಅನ್ವಯಿಸಿಕೊಳ್ಳುವುದೇ ಇಲ್ಲ.

ಈ ಪದವನ್ನು ದೇಹಕ್ಕೆ ಅಂಟಿಸಿ ಜಗತ್ತಿಗೆ ಪರಿಚಯಿಸಿದವರು ಹಾನ್ಸ್ ಸೆಲಿಯೆ. ವಿಯೆನ್ನಾದಲ್ಲಿ ಹುಟ್ಟಿ ಕೆನಡಾದ ಮಾಂಟ್ರಿಯಲ್‌ಗೆ ವಲಸೆ ಬಂದ ವಿಜ್ಞಾನಿ, ಅಂದರೆ ಅವರೂ ನಮ್ಮಂತೆ ಹೊರನಾಡಿನವರೇ! ಇಲಿಗಳನ್ನು ಚಳಿ, ವಿಷ, ಗಾಯ, ಅತಿಯಾದ ಓಟ ಹೀಗೆ ಬೇರೆಬೇರೆ ಕಷ್ಟಕ್ಕೆ ಒಡ್ಡಿದರೂ ಅವುಗಳ ದೇಹದಲ್ಲಿ ಆಗುವ ಹಾನಿ ಬಹುಪಾಲು ಒಂದೇ ಎಂದು ಅವರು 1936ರಲ್ಲಿ "ನೇಚರ್" ಪತ್ರಿಕೆಯಲ್ಲಿ ಬರೆದರು. ಅಡ್ರಿನಲ್ ಗ್ರಂಥಿ ಊದುತ್ತಿತ್ತು, ರೋಗನಿರೋಧಕ್ಕೆ ಸಂಬಂಧಿಸಿದ ಥೈಮಸ್ ಕುಗ್ಗುತ್ತಿತ್ತು, ಹೊಟ್ಟೆಯಲ್ಲಿ ಹುಣ್ಣಾಗುತ್ತಿತ್ತು. ಅದಕ್ಕೂ ಮೊದಲು, 1915ರಲ್ಲಿ, ಹಾರ್ವರ್ಡ್‌ನ ವಾಲ್ಟರ್ ಕ್ಯಾನನ್ ಅಪಾಯ ಎದುರಾದಾಗ ಪ್ರಾಣಿಯ ದೇಹ ಹೋರಾಡಲು ಅಥವಾ ಓಡಲು ಹೇಗೆ ಸಜ್ಜಾಗುತ್ತದೆ ಎಂಬುದನ್ನು ವಿವರಿಸಿದ್ದರು.

ಇದು ಕೆಲಸ ಮಾಡುವ ಬಗೆ ಸರಳ. ಮಲೆನಾಡಿನ ಕಾಲುದಾರಿಯಲ್ಲಿ ಚಿರತೆ ಎದುರಾಯಿತು ಎನ್ನಿ. ಮಿದುಳು ಗಂಟೆ ಬಾರಿಸುತ್ತದೆ. ಅಡ್ರಿನಲಿನ್ ಹರಿಯುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ರಕ್ತದೊತ್ತಡ ಏರುತ್ತದೆ. ಹಿಂದೆಯೇ ಕಾರ್ಟಿಸಾಲ್ ಬಂದು ರಕ್ತಕ್ಕೆ ಸಕ್ಕರೆ ಒದಗಿಸುತ್ತದೆ. ಜೀರ್ಣಕ್ರಿಯೆಯಂಥ ಆ ಕ್ಷಣಕ್ಕೆ ಬೇಡದ ಕೆಲಸಗಳು ಹಿಂದೆ ಸರಿಯುತ್ತವೆ. ಚಿರತೆ ಹೋಯಿತೋ, ಎಲ್ಲವೂ ಇಳಿದು ಮೊದಲಿನಂತೆ. ಅದ್ಭುತ ವ್ಯವಸ್ಥೆ! ತೊಂದರೆ ಏನೆಂದರೆ, ರಾತ್ರಿ ಹತ್ತಕ್ಕೆ "ನಾಳೆ ಬೆಳಿಗ್ಗೆ ಮಾತಾಡಬೇಕು" ಎಂದು ಮ್ಯಾನೇಜರ್ ಕಳಿಸಿದ ಒಂದು ಸಾಲಿಗೂ ಇದೇ ಗಂಟೆ ಬಾರಿಸುತ್ತದೆ. ಚಿರತೆಯಾದರೆ ಐದು ನಿಮಿಷದಲ್ಲಿ ಹೋದೀತು. ಗ್ರೀನ್ ಕಾರ್ಡಿನ ಸಾಲು ಹತ್ತು ವರ್ಷವಾದರೂ ಕರಗುವುದಿಲ್ಲ. ಗಂಟೆ ಬಾರಿಸುತ್ತಲೇ ಇರುತ್ತದೆ.

ಆಗ ಕಾಣುವ ಲಕ್ಷಣಗಳು ನಮಗೆಲ್ಲ ಪರಿಚಿತವೇ. ಬೆಳಗಿನ ಜಾವ ಮೂರಕ್ಕೆ ಎಚ್ಚರ, ಮತ್ತೆ ನಿದ್ದೆಯಿಲ್ಲ. ಹುಳಿತೇಗು. ಕುತ್ತಿಗೆ, ಭುಜ ಬಿಗಿತ. ಮಕ್ಕಳ ಮೇಲೆ ಸಣ್ಣದಕ್ಕೂ ಸಿಡುಕು. ಮೊದಲು ಇಷ್ಟವಾಗುತ್ತಿದ್ದ ಹಾಡು, ಪುಸ್ತಕ, ಗೆಳೆತನ ಯಾವುದೂ ಬೇಡವೆನಿಸುವುದು. ಕೆಲಸದ ವಿಷಯದಲ್ಲಂತೂ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ "ಬರ್ನ್‌ಔಟ್" ಎಂಬುದನ್ನು ತನ್ನ ರೋಗವರ್ಗೀಕರಣದ 11ನೆಯ ಆವೃತ್ತಿಯಲ್ಲಿ ವಿವರಿಸಿತು. ಬಳಲಿಕೆ, ಕೆಲಸದ ಬಗ್ಗೆ ತಾತ್ಸಾರ, ತನ್ನಿಂದ ಏನೂ ಆಗುತ್ತಿಲ್ಲವೆಂಬ ಭಾವನೆ, ಇವು ಅದರ ಮೂರು ಗುರುತು. ಅದನ್ನು ಕಾಯಿಲೆ ಎಂದು ಕರೆಯದೆ, ಸರಿಯಾಗಿ ನಿಭಾಯಿಸದ ಕೆಲಸದ ಒತ್ತಡದಿಂದ ಹುಟ್ಟುವ ಸ್ಥಿತಿ ಎಂದು ಕರೆದಿದೆ. ಈ ಮಾತನ್ನು ಎರಡು ಸಲ ಓದಿ. ದೋಷ ನಿಮ್ಮ ಸ್ವಭಾವದಲ್ಲಿ ಮಾತ್ರ ಇಲ್ಲ, ಕೆಲಸದ ಏರ್ಪಾಡಿನಲ್ಲೂ ಇದೆ ಎಂದು ಅದರರ್ಥ.

"ಇದೆಲ್ಲ ಇದ್ದದ್ದೇ ಬಿಡಿ" ಎನ್ನುವವರಿಗೆ ಇನ್ನೆರಡು ಅಂಕಿ-ಅಂಶ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ವಾರಕ್ಕೆ 35ರಿಂದ 40 ಗಂಟೆ ದುಡಿಯುವವರಿಗೆ ಹೋಲಿಸಿದರೆ 55 ಗಂಟೆ ಅಥವಾ ಅದಕ್ಕಿಂತ ಹೆಚ್ಚು ದುಡಿಯುವವರಿಗೆ ಪಾರ್ಶ್ವವಾಯುವಿನ ಅಪಾಯ ಶೇ. 35ರಷ್ಟು ಹೆಚ್ಚು, ಹೃದ್ರೋಗದಿಂದ ಸಾಯುವ ಅಪಾಯ ಶೇ. 17ರಷ್ಟು ಹೆಚ್ಚು. ಎರಡನೆಯದು, 52 ದೇಶಗಳಲ್ಲಿ ನಡೆದ ಇಂಟರ್‌ಹಾರ್ಟ್ ಅಧ್ಯಯನ. ಅದರ ಆಧಾರದ ಮೇಲೆ 2007ರಲ್ಲಿ ಬಂದ ವರದಿಯಂತೆ ದಕ್ಷಿಣ ಏಷ್ಯಾದ ದೇಶಗಳಲ್ಲಿ ಮೊದಲ ಹೃದಯಾಘಾತ ಬರುವ ನಡುಮಟ್ಟದ ವಯಸ್ಸು 53, ಉಳಿದ ದೇಶಗಳಲ್ಲಿ ಸುಮಾರು 59. ಇದಕ್ಕೆ ಒತ್ತಡವೊಂದೇ ಕಾರಣವಲ್ಲ. ಧೂಮಪಾನ, ಕೊಲೆಸ್ಟರಾಲ್, ರಕ್ತದೊತ್ತಡ, ಸಕ್ಕರೆ ಕಾಯಿಲೆ, ಹೊಟ್ಟೆಯ ಬೊಜ್ಜು, ವ್ಯಾಯಾಮವಿಲ್ಲದಿರುವುದು ಎಲ್ಲವೂ ಸೇರಿವೆ. ಆದರೆ ಆ ಅಧ್ಯಯನ ಗುರುತಿಸಿದ ಒಂಬತ್ತು ಮುಖ್ಯ ಅಂಶಗಳಲ್ಲಿ ಮಾನಸಿಕ-ಸಾಮಾಜಿಕ ಒತ್ತಡವೂ ಒಂದು. ಅದು ನಿದ್ದೆ, ಊಟ, ನಡಿಗೆ ಎಲ್ಲವನ್ನೂ ಕೆಡಿಸಿ ಉಳಿದ ಅಂಶಗಳನ್ನೂ ಹೆಚ್ಚಿಸುತ್ತದೆ.

ಇನ್ನು ಮುಖ್ಯ ಪ್ರಶ್ನೆಗೆ ಬರೋಣ. ಕೆಲಸ ಹೆಚ್ಚಿದ್ದರೇ ಒತ್ತಡವೇ? ಹಾಗೇನಿಲ್ಲ. ಬಿಡುವಿಲ್ಲದೆ ದುಡಿದೂ ಗೆಲುವಾಗಿರುವವರನ್ನು ನೋಡಿದ್ದೇವೆ. ಅಮೆರಿಕದ ರಾಬರ್ಟ್ ಕರಾಸೆಕ್ 1979ರಲ್ಲಿ ಒಂದು ಸರಳ ಸೂತ್ರ ಮುಂದಿಟ್ಟರು: ಕೆಲಸದ ಬೇಡಿಕೆ ಹೆಚ್ಚಿದ್ದು ಅದರ ಮೇಲೆ ನಮ್ಮ ಹಿಡಿತ ಕಡಿಮೆ ಇದ್ದಾಗ ಹಾನಿ ಹೆಚ್ಚು. ಬ್ರಿಟನ್ನಿನ ಸರ್ಕಾರಿ ನೌಕರರ ಮೇಲೆ 1967ರಲ್ಲಿ ಶುರುವಾದ ವೈಟ್‌ಹಾಲ್ ಅಧ್ಯಯನ ಒಂದು ನಂಬಿಕೆಯನ್ನೇ ತಲೆಕೆಳಗು ಮಾಡಿತು. ದೊಡ್ಡ ಅಧಿಕಾರಿಗಳಿಗೇ ಹೃದ್ರೋಗ ಹೆಚ್ಚು ಎಂದು ಜನ ತಿಳಿದಿದ್ದರು. ಲೆಕ್ಕ ಹಾಕಿ ನೋಡಿದರೆ ತೀರಾ ಕೆಳದರ್ಜೆಯ ನೌಕರರು ಹೃದ್ರೋಗದಿಂದ ಸಾಯುವ ಪ್ರಮಾಣ ಮೇಲಧಿಕಾರಿಗಳಿಗಿಂತ ಸುಮಾರು ಮೂರು ಪಟ್ಟು ಹೆಚ್ಚಿತ್ತು! ಧೂಮಪಾನ ಮುಂತಾದವನ್ನು ಲೆಕ್ಕಕ್ಕೆ ತೆಗೆದುಕೊಂಡರೂ ವ್ಯತ್ಯಾಸ ಪೂರ್ತಿ ಅಳಿಯಲಿಲ್ಲ. 1985ರಲ್ಲಿ ಶುರುವಾದ ಎರಡನೆಯ ವೈಟ್‌ಹಾಲ್ ಅಧ್ಯಯನದಲ್ಲಿ ಕೆಲಸದ ಮೇಲೆ ಹಿಡಿತವಿಲ್ಲದಿರುವುದಕ್ಕೂ ಹೃದ್ರೋಗಕ್ಕೂ ನಂಟು ಕಂಡುಬಂತು.

ಈ ಸೂತ್ರವನ್ನು ಹೊರನಾಡಿನ ನಮ್ಮ ಬದುಕಿಗೆ ಹೊಂದಿಸಿ ನೋಡಿ. ಸಂಬಳ ಇದೆ, ಮನೆ ಇದೆ, ಎರಡು ಕಾರಿವೆ. ಆದರೆ ಹಿಡಿತ? ಅಮೆರಿಕದಲ್ಲಿ 2017ರ ಜನವರಿಯಿಂದ ಜಾರಿಯಲ್ಲಿರುವ ನಿಯಮದಂತೆ ಎಚ್-1ಬಿ ಮೇಲಿರುವವರಿಗೆ ಕೆಲಸ ಹೋದರೆ ಸಿಗುವುದು ಹೆಚ್ಚೆಂದರೆ 60 ದಿನ. ಅಷ್ಟರಲ್ಲಿ ಹೊಸ ಕೆಲಸ, ಇಲ್ಲವೇ ಬೇರೆ ವೀಸಾಕ್ಕೆ ಅರ್ಜಿ, ಇಲ್ಲವೇ ಗಂಟುಮೂಟೆ. ಕೊಲ್ಲಿಯಲ್ಲಿರುವ ನಮ್ಮವರ ವಾಸದ ಪರವಾನಗಿಯೂ ಕೆಲಸ ಕೊಟ್ಟವರ ಕೈಯಲ್ಲೇ. 2025ರ ಸೆಪ್ಟೆಂಬರ್ 19ರ ಶುಕ್ರವಾರವನ್ನು ನಾವ್ಯಾರೂ ಮರೆತಿಲ್ಲ. ಹೊಸ ಎಚ್-1ಬಿ ಅರ್ಜಿಗೆ ಒಂದು ಲಕ್ಷ ಡಾಲರ್ ಶುಲ್ಕ ಎಂಬ ಘೋಷಣೆ ಹೊರಬಿತ್ತು. ಈಗಾಗಲೇ ವೀಸಾ ಇರುವವರಿಗೆ ಅದು ಅನ್ವಯಿಸುವುದಿಲ್ಲ ಎಂಬ ಸ್ಪಷ್ಟನೆ ಬರುವಷ್ಟರಲ್ಲಿ ಒಂದು ರಾತ್ರಿ ಕಳೆದಿತ್ತು. ಆ ರಾತ್ರಿ ಊರಲ್ಲಿ ರಜೆಯಲ್ಲಿದ್ದವರು ಎಷ್ಟೆಷ್ಟೋ ಕೊಟ್ಟು ಟಿಕೆಟ್ ಕೊಂಡರು, ಹೊರಟಿದ್ದವರು ವಿಮಾನದಿಂದ ಇಳಿದರು. ಆ ರಾತ್ರಿ ನಮ್ಮ ಕೆಲಸ ಹೆಚ್ಚಾಗಿರಲಿಲ್ಲ, ಹಿಡಿತ ಸೊನ್ನೆಯಾಗಿತ್ತು.

ಇದರ ಜತೆಗೆ ನಮ್ಮದೇ ಸಂಸ್ಕೃತಿ ಹೇರುವ ಹೊರೆಗಳಿವೆ. ರಾತ್ರಿ ಎರಡಕ್ಕೆ ಊರಿನ ನಂಬರಿನಿಂದ ಫೋನ್ ಬಂದರೆ ಎದೆ ಧಸಕ್ಕೆನ್ನುವುದು, ಅಪ್ಪನ ಆಪರೇಷನ್ನಿಗೆ ಹೋಗಲಾಗದ ಕೊರಗು, ಮಕ್ಕಳಿಗೆ ಕನ್ನಡ ಬರಲಿಲ್ಲವೆಂಬ ಅಪರಾಧಭಾವ. ಎಲ್ಲಕ್ಕಿಂತ ಮೇಲೆ "ಜನ ಏನಂದಾರು?" ಎಂಬ ಭಯ. ವಿದೇಶಕ್ಕೆ ಹೋದ ಮಗ ಸೋಲುವಂತಿಲ್ಲ, ಮಗಳು ಅಳುವಂತಿಲ್ಲ. ಇವೆಲ್ಲಕ್ಕೂ ನಮ್ಮ ಬಳಿ ಇರುವ ಮದ್ದು ಒಂದೇ: "ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ." ಬೆಂಗಳೂರಿನ ಬಸ್ಸಿನಲ್ಲಿ ಮೂವರ ಸೀಟಿಗೆ ನಾಲ್ವರು ಕೂರಲು ಈ ಮಾತು ಸರಿ. ಅದು ನಮ್ಮ ಒಳ್ಳೆಯತನವೂ ಹೌದು. ಆದರೆ ಹನ್ನೊಂದು ವರ್ಷ ಅಡ್ಜಸ್ಟ್ ಮಾಡಿಕೊಂಡು, ಕೊನೆಗೆ ಪಾರ್ಕಿಂಗ್ ಜಾಗದಲ್ಲಿ ಕೂತು ಡಬ್ಬಿ ತಿನ್ನುವ ಸ್ಥಿತಿ ಬಂದರೆ ಅದನ್ನು ಒಳ್ಳೆಯತನ ಎನ್ನಲಾಗದು.

ಹಾಗಾದರೆ ಮಾಡುವುದೇನು? "ಯೋಗ ಮಾಡಿ, ಧ್ಯಾನ ಮಾಡಿ, ಪಾಸಿಟಿವ್ ಆಗಿ ಯೋಚಿಸಿ" ಎಂಬ ಉಪದೇಶ ನಿಮಗೆ ದಿನಕ್ಕೆ ಹತ್ತು ಸಲ ಫಾರ್ವರ್ಡ್ ಆಗಿ ಬರುತ್ತಿರುತ್ತದೆ. ಯೋಗ, ಧ್ಯಾನ ಒಳ್ಳೆಯವೇ, ಬೇಡವೆನ್ನುತ್ತಿಲ್ಲ. ಆದರೆ ಎಲ್ಲ ಒತ್ತಡವನ್ನೂ ಒಬ್ಬೊಬ್ಬರೇ ಉಸಿರು ಬಿಗಿಹಿಡಿದು ಗೆಲ್ಲಬೇಕು ಎಂಬ ಸಲಹೆಯಲ್ಲೇ ಅರ್ಧ ಒತ್ತಡವಿದೆ. ನನ್ನ ಸೂಚನೆ ಇಷ್ಟೆ: ಒಂದು ಕಾಗದ ತೆಗೆದುಕೊಂಡು ನಿಮ್ಮನ್ನು ಒತ್ತುತ್ತಿರುವುದನ್ನೆಲ್ಲ ಬರೆಯಿರಿ. ಆಮೇಲೆ ಅದನ್ನು ಮೂರು ಪಾಲು ಮಾಡಿ.

ಮೊದಲ ಪಾಲು, ನಿಮ್ಮ ಕೈಯಲ್ಲೇ ಇರುವುದು. ನಿದ್ದೆಯ ವೇಳೆ, ಮಲಗುವ ಕೋಣೆಯಲ್ಲಿನ ಫೋನು, ಮಧ್ಯಾಹ್ನ ಮೂರರ ನಂತರದ ಕಾಫಿ. ಕಾಫಿ ನಮ್ಮ ಪ್ರಾಣ, ನಿಜ! ಆದರೆ ಅದರ ಕೆಫೀನ್ ಅರ್ಧ ಇಳಿಯಲು ಸಾಮಾನ್ಯವಾಗಿ ಐದು ಗಂಟೆಯಾದರೂ ಬೇಕು. ವಾರಕ್ಕೆ 150 ನಿಮಿಷ ಬಿರುಸಾದ ನಡಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಕನಿಷ್ಠ ಪ್ರಮಾಣ. ಎದೆ ಹೊಡೆದುಕೊಳ್ಳುವಾಗ ಉಸಿರನ್ನು ಒಳಗೆ ಎಳೆದುಕೊಂಡದ್ದಕ್ಕಿಂತ ನಿಧಾನವಾಗಿ ಹೊರಬಿಡಿ. ಹೃದಯದ ಬಡಿತ ಇಳಿಸಲು ದೇಹದಲ್ಲೇ ಇರುವ ದಾರಿ ಅದು. ವೀಸಾದ ಮೇಲಿರುವವರು ಕೆಲಸ ಚೆನ್ನಾಗಿರುವಾಗಲೇ ತಮ್ಮ ಅನುಮೋದನೆ ಪತ್ರ, ಸಂಬಳದ ಚೀಟಿ, ತೆರಿಗೆ ಕಾಗದಗಳ ಪ್ರತಿ ಮನೆಯಲ್ಲಿಟ್ಟುಕೊಳ್ಳಿ, ಆರು ತಿಂಗಳ ಖರ್ಚು ಬೇರೆ ಇಡಿ. "ಕೆಲಸ ಹೋದರೆ ಮೊದಲ ವಾರ ಏನು ಮಾಡಬೇಕು" ಎಂದು ಗಂಡ-ಹೆಂಡತಿ ಕೂತು ಒಂದು ಪುಟ ಬರೆದಿಡಿ. ಕೈತಪ್ಪಿದ ಹಿಡಿತದಲ್ಲಿ ಒಂದು ಅಂಗುಲವಾದರೂ ಇದರಿಂದ ಮರಳಿ ಬರುತ್ತದೆ.

ಎರಡನೆಯ ಪಾಲು, ಬಾಯಿಬಿಟ್ಟು ಕೇಳಬೇಕಾದದ್ದು. ನಮ್ಮವರಿಗೆ ಇದು ಬಹಳ ಕಷ್ಟ. ಮ್ಯಾನೇಜರ್ ಮೂರನೆಯ ಪ್ರಾಜೆಕ್ಟ್ ತಲೆಗೆ ಕಟ್ಟಿದಾಗ ಇತರರು "ಮೊದಲ ಎರಡರಲ್ಲಿ ಯಾವುದನ್ನು ಬಿಡಲಿ?" ಎಂದು ಕೇಳುತ್ತಾರೆ. ನಾವು "ಓಕೆ" ಎಂದು ಬಂದು ಶನಿವಾರ ಕೂರುತ್ತೇವೆ. ಆ ಪ್ರಶ್ನೆ ಕೇಳುವುದು ಸೊಕ್ಕಲ್ಲ, ಲೆಕ್ಕ. ಹಾಗೆಯೇ ಬಹಳಷ್ಟು ದೊಡ್ಡ ಕಂಪನಿಗಳು ನೌಕರರಿಗೆ ಉಚಿತವಾಗಿ ಕೆಲವು ಸಲ ಆಪ್ತಸಲಹೆಗಾರರನ್ನು ಕಾಣುವ ಅವಕಾಶ ಕೊಡುತ್ತವೆ. ಗೋಪ್ಯತೆಯ ನಿಯಮವನ್ನು ಓದಿಕೊಂಡು ಅದನ್ನು ಬಳಸಿ. ಹಲ್ಲುನೋವಿಗೆ ದಂತವೈದ್ಯರ ಬಳಿ ಹೋಗಲು ನಾಚದ ನಾವು ಇಲ್ಲೇಕೆ ನಾಚಬೇಕು? ಎರಡು ವಾರ ನಿದ್ದೆ ಕೆಟ್ಟು, ಯಾವುದರಲ್ಲೂ ಆಸಕ್ತಿ ಇಲ್ಲವಾದರೆ ಅದು ಬರೀ ಒತ್ತಡವಲ್ಲದೆ ಖಿನ್ನತೆಯೂ ಇರಬಹುದು. ವೈದ್ಯರನ್ನು ಕಾಣಲೇಬೇಕು. ಎದೆನೋವಾದರೆ "ಟೆನ್ಷನ್ ಇರಬೇಕು" ಎಂದು ನೀವೇ ತೀರ್ಪು ಕೊಡಬೇಡಿ, ಕೂಡಲೇ ತುರ್ತು ಚಿಕಿತ್ಸೆಗೆ ಹೋಗಿ.

ಮೂರನೆಯ ಪಾಲು, ಒಬ್ಬರಿಂದ ಆಗದ್ದು, ಕೂಡಿ ಬದಲಿಸಬೇಕಾದದ್ದು. ಫ್ರಾನ್ಸಿನಲ್ಲಿ 2017ರಿಂದ, 50 ಅಥವಾ ಹೆಚ್ಚು ನೌಕರರಿರುವ ಕಂಪನಿಗಳು ಕೆಲಸದ ಹೊತ್ತು ಮುಗಿದ ಮೇಲೆ ಸಂಪರ್ಕ ಕಡಿದುಕೊಳ್ಳುವ ಹಕ್ಕಿನ ಬಗ್ಗೆ ನೌಕರರೊಡನೆ ಮಾತುಕತೆ ನಡೆಸಬೇಕೆಂಬ ಕಾನೂನಿದೆ. ಆಸ್ಟ್ರೇಲಿಯಾದಲ್ಲಿ 2024ರ ಆಗಸ್ಟ್ 26ರಿಂದ ನೌಕರರಿಗೆ ಇಂಥ ಹಕ್ಕು ಸಿಕ್ಕಿದೆ, ಒಂದು ವರ್ಷದ ನಂತರ ಸಣ್ಣ ಉದ್ಯಮಗಳಿಗೂ ಅದು ವಿಸ್ತರಿಸಿತು. ಇವು ತಾವಾಗಿ ಬರಲಿಲ್ಲ. ಜನ ಕೇಳಿದ್ದರಿಂದ ಬಂದವು.

ಇಲ್ಲಿ ಸ್ವಲ್ಪ ನಮ್ಮ ಬೆನ್ನನ್ನೂ ನೋಡಿಕೊಳ್ಳೋಣ. ನಮ್ಮಲ್ಲಿ ಎಷ್ಟೋ ಜನ ಇಂದು ಮ್ಯಾನೇಜರುಗಳು, ನಿರ್ದೇಶಕರು. ನಮ್ಮ ತಂಡದ ಅರ್ಧ ಬೆಂಗಳೂರಿನಲ್ಲಿ ಕೂತಿದೆ. ಬೇಸಿಗೆಯಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಬೆಳಿಗ್ಗೆ ಎಂಟು ಎಂದರೆ ಬೆಂಗಳೂರಿನಲ್ಲಿ ರಾತ್ರಿ ಎಂಟೂವರೆ, ಚಳಿಗಾಲದಲ್ಲಿ ಒಂಬತ್ತೂವರೆ. "ಕ್ವಿಕ್ ಕಾಲ್" ಎಂದು ನಾವು ಕಾಫಿ ಕುಡಿಯುತ್ತ ಕರೆದಾಗ ಆ ಕಡೆಯವರು ಮಗುವನ್ನು ಮಲಗಿಸುವುದು ಬಿಟ್ಟು ಬಂದಿರುತ್ತಾರೆ, ಅದೂ ಹೊರವರ್ತುಲ ರಸ್ತೆಯ ಟ್ರಾಫಿಕ್ಕಿನಲ್ಲಿ ಒಂದೂವರೆ ಗಂಟೆ ಕೂತು ಮನೆ ಸೇರಿದ ಮೇಲೆ. ನಮ್ಮ ಮ್ಯಾನೇಜರನ್ನು ಬೈಯುವ ನಾವು ಅವರ ಪಾಲಿಗೆ ಅದೇ ಮ್ಯಾನೇಜರ್! ನಾನೂ ಇದನ್ನು ಆರು ವರ್ಷ ಮಾಡಿದ್ದೇನೆ. ಒಂದು ದಿನ ಆ ಕಡೆಯ ಹುಡುಗಿಯೊಬ್ಬಳು ಮೈಕ್ ಆಫ್ ಮಾಡಲು ಮರೆತಾಗ "ಅಮ್ಮ, ಇವತ್ತೂ ಕತೆ ಹೇಳಲ್ವಾ?" ಎಂಬ ಮಗುವಿನ ದನಿ ಕೇಳಿಸಿತು. ಅಂದಿನಿಂದ ನಮ್ಮ ತಂಡದಲ್ಲಿ ತಡಹೊತ್ತಿನ ಕರೆ ಒಂದು ವಾರ ಅವರದ್ದು, ಒಂದು ವಾರ ನಮ್ಮದು. ನಮ್ಮ ರಾತ್ರಿ ಎಂಟೂವರೆಗೆ ಅವರ ಬೆಳಗಿನ ಒಂಬತ್ತು. ಆಕಾಶವೇನೂ ಕಳಚಿ ಬೀಳಲಿಲ್ಲ.

ತಾಯ್ನಾಡಿನಲ್ಲಿ ಗಾಳಿ ಬೀಸುತ್ತಿರುವ ದಿಕ್ಕನ್ನೂ ಗಮನಿಸಿ. ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕು ಎಂದು ಇನ್ಫೋಸಿಸ್ ಸ್ಥಾಪಕರಲ್ಲೊಬ್ಬರಾದ ನಾರಾಯಣ ಮೂರ್ತಿಯವರು 2023ರ ಅಕ್ಟೋಬರ್‌ನಲ್ಲಿ ಹೇಳಿದರು. ಕನ್ನಡಿಗರಾದ ಅವರು ಕಟ್ಟಿದ್ದರ ಬಗ್ಗೆ ನಮಗೆ ಹೆಮ್ಮೆಯಿದೆ. ಆದರೆ ಕಂಪನಿ ಕಟ್ಟುವವನಿಗೆ ತನ್ನ ದುಡಿಮೆಯ ಮೇಲಿರುವ ಹಿಡಿತ, ಬಾಡಿಗೆ ಕಟ್ಟಲು ದುಡಿಯುವ ಇಪ್ಪತ್ತೈದರ ಹುಡುಗನಿಗೆ ಇರುವುದಿಲ್ಲ. ವೈಟ್‌ಹಾಲ್‌ನ ಪಾಠವೇ ಅದು. 2024ರ ಜುಲೈನಲ್ಲಿ ಕರ್ನಾಟಕದ ಐಟಿ ನೌಕರರ ದಿನದ ದುಡಿಮೆಯನ್ನು 14 ಗಂಟೆಯವರೆಗೆ ಒಯ್ಯುವ ಪ್ರಸ್ತಾಪ ಸುದ್ದಿಯಾದಾಗ ಅಲ್ಲಿನ ನೌಕರರ ಸಂಘ ಬೀದಿಗಿಳಿಯಿತು. ನಾವು ಇಲ್ಲಿಂದ ಒಂದು ಪತ್ರವನ್ನಾದರೂ ಬರೆದೆವೇ? ನಾಡು-ನುಡಿ ಎಂದು ಮಾತಾಡುವ ನಮಗೆ ಆ ನುಡಿಯಾಡುವ ಜನರ ನಿದ್ದೆಯೂ ನಾಡಿನ ವಿಷಯ ಎನಿಸಬೇಡವೇ?

ಕೊನೆಯದಾಗಿ, ಕನ್ನಡದ ಮಾತು. ಸಂಕಟವನ್ನು ಹೇಳಿಕೊಳ್ಳುವಾಗ ಇಂಗ್ಲಿಷ್ ನಮ್ಮನ್ನು ಕೈಬಿಡುತ್ತದೆ. "ಐ ಆಮ್ ಸ್ಟ್ರೆಸ್ಡ್" ಎಂದರೆ ಕೇಳುವವರೂ ತಲೆದೂಗಿ ಮುಂದೆ ಹೋಗುತ್ತಾರೆ. "ಕೈಕಾಲು ಆಡ್ತಿಲ್ಲ", "ಹೊಟ್ಟೆಯೊಳಗೆ ಏನೋ ಕಿವುಚಿದ ಹಾಗಾಗ್ತಿದೆ", "ಯಾರ ಮುಖಾನೂ ನೋಡೋದು ಬೇಡ ಅನ್ಸುತ್ತೆ" ಎಂದು ಕನ್ನಡದಲ್ಲಿ ಹೇಳಿದಾಗ ಹೇಳಿದವರಿಗೂ ಹಗುರ, ಕೇಳಿದವರಿಗೂ ಅರ್ಥ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಹೆಸರನ್ನು ನಾವು ಎಷ್ಟೋ ವರ್ಷ ತಮಾಷೆಗೆ, ಬೈಗುಳಕ್ಕೆ ಬಳಸಿದೆವು. ಅದೇ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾಗಿದ್ದ ಡಾ. ಸಿ.ಆರ್. ಚಂದ್ರಶೇಖರ್ ಅವರು ಮನಸ್ಸಿನ ಆರೋಗ್ಯದ ಬಗ್ಗೆ ಕನ್ನಡದಲ್ಲಿ ಹತ್ತಾರು ಪುಸ್ತಕ ಬರೆದು ಆ ನಾಚಿಕೆಯನ್ನು ಕಳೆಯಲು ದುಡಿದಿದ್ದಾರೆ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ-ಮಾನಸ್ ಸಹಾಯವಾಣಿಯಲ್ಲಿ, 14416 ಸಂಖ್ಯೆಯಲ್ಲಿ, ಊರಿನಲ್ಲಿರುವ ನಮ್ಮವರು ಕನ್ನಡದಲ್ಲೇ ಮಾತಾಡಬಹುದು. ನಮ್ಮ ತಂದೆತಾಯಿಗಳಿಗೆ ಆ ಸಂಖ್ಯೆ ಹೇಳಿಕೊಡಿ, ಒಂಟಿತನ ಅವರಿಗೂ ಇದೆ. ಹೊರನಾಡಿನಲ್ಲಿ ಬದುಕೇ ಬೇಡವೆನಿಸಿದ ಗಳಿಗೆಗೆ ಅಮೆರಿಕ ಮತ್ತು ಕೆನಡಾದಲ್ಲಿ 988, ಬ್ರಿಟನ್ನಿನಲ್ಲಿ 116 123, ಆಸ್ಟ್ರೇಲಿಯಾದಲ್ಲಿ 13 11 14. ಇವನ್ನು ಇಂದೇ ಫೋನಿನಲ್ಲಿ ಉಳಿಸಿಕೊಳ್ಳಿ, ನಿಮಗಲ್ಲದಿದ್ದರೆ ಇನ್ನೊಬ್ಬರಿಗೆ ಬೇಕಾದೀತು.

ನಮ್ಮ ಕನ್ನಡ ಕೂಟಗಳ ಮುಂದೆ ಮೂರು ಬೇಡಿಕೆ ಇಡುತ್ತಿದ್ದೇನೆ. ಒಂದು, ಪ್ರತಿ ಕೂಟದಲ್ಲೂ ಕೆಲಸ ಕಳೆದುಕೊಂಡವರು ಗುಟ್ಟಾಗಿ ಕರೆಯಬಹುದಾದ ಇಬ್ಬರು ಇರಲಿ. ರೆಸ್ಯುಮೆ ನೋಡುವವರು, ವಲಸೆ ವಕೀಲರ ಪರಿಚಯ ಇರುವವರು ನಮ್ಮಲ್ಲೇ ಇದ್ದಾರೆ. ಎರಡು, ವರ್ಷಕ್ಕೆ ಎರಡು ಸಲ ವೇದಿಕೆ, ಮೈಕು, ಸನ್ಮಾನ ಯಾವುದೂ ಇಲ್ಲದೆ ಹತ್ತು-ಹದಿನೈದು ಜನ ಸುತ್ತ ಕೂತು ಮಾತಾಡುವ ಒಂದು ಸಂಜೆ ಇರಲಿ. ಕನ್ನಡ ಮಾತಾಡುವ ಮನೋವೈದ್ಯರು, ಆಪ್ತಸಲಹೆಗಾರರು ನಮ್ಮ ನಡುವೆ ಇದ್ದರೆ ಅವರನ್ನು ಕರೆಯೋಣ. ಮೂರು, ಬೆಂಗಳೂರಿನ ತಂಡ ನಡೆಸುವವರೆಲ್ಲ ತಡಹೊತ್ತಿನ ಕರೆಯನ್ನು ಸರದಿಯ ಮೇಲೆ ಹಂಚಿಕೊಳ್ಳುವ ನಿರ್ಧಾರ ಮಾಡಲಿ.

ನಮ್ಮ ಗೆಳೆಯರ ಕತೆ ಮುಗಿಸುತ್ತೇನೆ. 44ನೆಯ ದಿನ ಅವರ ಮನೆಯಲ್ಲಿ ನಾವು ಆರು ಜನ ಸೇರಿದ್ದೆವು. ಒಬ್ಬರು ವಕೀಲರಿಗೆ ಫೋನ್ ಮಾಡಿದರು, ಇಬ್ಬರು ತಮ್ಮ ಕಂಪನಿಗಳಲ್ಲಿ ವಿಚಾರಿಸಿದರು, ಒಬ್ಬರು ಮಕ್ಕಳನ್ನು ಆಟಕ್ಕೆ ಕರೆದೊಯ್ದರು. ಮಾವನವರು ಮಾತ್ರ ಬಹಳ ಹೊತ್ತು ಸುಮ್ಮನಿದ್ದು ಕೊನೆಗೆ "ನನ್ನದೂ ಒಂದು ಸಲ ಕೆಲಸ ಹೋಗಿತ್ತಪ್ಪ, ಎರಡು ತಿಂಗಳು ಮನೇಲಿ ಹೇಳಿರಲಿಲ್ಲ" ಎಂದರು. ಅವರ ಮಗಳಿಗೂ ಅದು ಅಂದೇ ಗೊತ್ತಾದದ್ದು!

ಇಷ್ಟಾದರೂ ಅವರಿಗೆ ಇಲ್ಲಿ ಕೆಲಸ ಸಿಗಲಿಲ್ಲ. 58ನೆಯ ದಿನ ಕುಟುಂಬ ಸಮೇತ ಮೈಸೂರಿಗೆ ಹೊರಟರು. ಈಗ ಅಲ್ಲಿ ಕಡಿಮೆ ಸಂಬಳದ ಒಂದು ಕೆಲಸದಲ್ಲಿದ್ದಾರೆ. ಕಷ್ಟಗಳಿವೆ, ಮಕ್ಕಳು ಹೊಸ ಶಾಲೆಗೆ ಹೊಂದಿಕೊಳ್ಳುತ್ತಿದ್ದಾರೆ. ಮೊನ್ನೆ ಫೋನಿನಲ್ಲಿ ಅವರು ಹೇಳಿದ್ದು ಇಷ್ಟು: "ಕೆಲಸ ಹೋದದ್ದಕ್ಕಿಂತ ಆ 43 ದಿನ ಸುಳ್ಳು ಹೇಳಿದ್ದೇ ನನ್ನನ್ನು ಹೆಚ್ಚು ಅರೆಯಿತು. ಮೊದಲನೆಯ ದಿನವೇ ನಿಮ್ಮಲ್ಲಿ ಒಬ್ಬರಿಗೆ ಹೇಳಿದ್ದರೆ ಇನ್ನೂ 59 ದಿನ ಇದ್ದವು."

ಬಂಧುಗಳೇ, ಮುಂದಿನ ಕಾರ್ಯಕ್ರಮದಲ್ಲಿ ಪಕ್ಕದಲ್ಲಿ ನಿಂತವರನ್ನು "ಹೇಗಿದ್ದೀರಿ?" ಎಂದು ಕೇಳಿ. "ಸ್ವಲ್ಪ ಟೆನ್ಷನ್" ಎಂದರೆ ಅಲ್ಲಿಗೇ ಬಿಡಬೇಡಿ. "ಏನು ಒತ್ತುತ್ತಿದೆ?" ಎಂದು ಇನ್ನೊಂದು ಸಲ ಕೇಳಿ. ಹಪ್ಪಳ ಆಮೇಲೆ ಹಂಚಿದರಾಯಿತು.

ನಿಮ್ಮ ಅನುಭವ, ಸಲಹೆ, ಭಿನ್ನಾಭಿಪ್ರಾಯ ಎಲ್ಲಕ್ಕೂ ಸ್ವಾಗತ. ಹೆಸರು ಬೇಡವೆಂದರೆ ಹೆಸರಿಲ್ಲದೆಯೇ ಪ್ರಕಟಿಸುತ್ತೇವೆ.

ಸಿರಿಗನ್ನಡಂ ಗೆಲ್ಗೆ!

ಇಂತು ನಿಮ್ಮವ,
ಸಂಪಾದಕ ಬಳಗದ ಪರವಾಗಿ